ತುಕ್ಕು ಬ್ಯಾಂಡಿನ ಹನ್ನೆರಡನೇ ಹಾಡು

ತಿರುಗುತ್ತಿದ್ದ ಟೇಪಿನ ರೀಲಿನ ಮೇಲೆ ಅವನು ಅಂಗೈ ಇಟ್ಟುಬಿಟ್ಟ.

ಹಾಡು ನರಳಿತು. ದನಿ ದಪ್ಪಗಾಯಿತು, ಗೊರಕೆಯಾಯಿತು, ಆಮೇಲೆ ನಿಂತೇಹೋಯಿತು.

ನಿಂತದ್ದು ಹಾಡೊಂದೇ ಅಲ್ಲ. ಅವಳ ಎದೆಬಡಿತ ನಿಂತಿತು, ಗೋಡೆ ಗಡಿಯಾರ ನಿಂತಿತು, ಹೊರಗೆ ಬೀದಿಯಲ್ಲಿ ಹದಿನಾರು ಬಸ್ಸುಗಳು ಸಾಲಾಗಿ ನಿಂತವು. ನಾನು ಸುಳ್ಳು ಹೇಳುವ ಪೈಕಿಯಲ್ಲ. ಸ್ವಲ್ಪ ಹಿಗ್ಗಿಸುತ್ತೇನೆ, ಅಷ್ಟೆ.

"ಈ ಹಾಡು ಬೇಡ," ಎಂದ ಅವನು.

ಅವಳು ಅವನ ಮುಖ ನೋಡುವ ಗೋಜಿಗೇ ಹೋಗಲಿಲ್ಲ. ಆ ಕೈ ನೋಡಿದಳು, ಮಣಿಕಟ್ಟಿನ ಮೇಲೆ ಫಟ್ ಎಂದು ಒಂದು ಬಿಟ್ಟಳು.

"ಕೈ ತೆಗೀರಿ. ಎಂಟು ಗಂಟೆ ಓವನ್‌ನಲ್ಲಿಟ್ಟು ಒಣಗಿಸಿದ ಟೇಪು ಅದು. ನಿಮ್ಮ ಬೆವರು ತಾಗಿದ್ರೆ ಹಾಡು ಸಿಪ್ಪೆ ಸಿಪ್ಪೆಯಾಗಿ ಎದ್ದು ಬರುತ್ತೆ."

"ಬರ್ಲಿ."

"ಯಾರ್ರೀ ನೀವು?"

"ಡ್ರಮ್ಮರ್."

ಆಗ ಅವಳು ಮುಖ ನೋಡಿದಳು. ನೋಡಬಾರದಿತ್ತು...

ಹನ್ನೆರಡು ವರ್ಷದಿಂದ ಅವಳ ಕೋಣೆಯ ಗೋಡೆಯ ಮೇಲಿದ್ದ ತುಕ್ಕು ಬ್ಯಾಂಡಿನ ಚಿತ್ರದಲ್ಲಿ ಮೂವರಿದ್ದರು. ಮುಂದೆ ಗಿಟಾರು ಹಿಡಿದ ಗಾಯಕ, ಪಕ್ಕದಲ್ಲಿ ಬೇಸ್ ಗಿಟಾರಿನವನು, ಹಿಂದೆ ಅರ್ಧ ಕತ್ತಲಲ್ಲಿ ಒಬ್ಬ. ಆ ಅರ್ಧ ಕತ್ತಲಿನವನು ಈಗ ಪೂರ್ತಿ ಬೆಳಕಿನಲ್ಲಿ, ಅವಳ ಮೇಜಿನ ಎದುರೇ ನಿಂತಿದ್ದ. ತುಸು ನರೆತ ಗಡ್ಡ, ನಿದ್ದೆಗೆಟ್ಟ ಕಣ್ಣು, ಅಂಗಿಯ ಜೇಬಿನ ಮೇಲೆ ಒಂದು ಡ್ರೈವಿಂಗ್ ಸ್ಕೂಲಿನ ಬಿಲ್ಲೆ.

ಅವಳ ವಿಷಯ ಹೇಳಿಬಿಡುತ್ತೇನೆ. ಒಂದು ಹಳೆಯ ರೆಕಾರ್ಡಿಂಗ್ ಕಂಪನಿಯ ನೆಲಮಾಳಿಗೆಯಲ್ಲಿ ಹಳೆ ಟೇಪುಗಳನ್ನು ಒಣಗಿಸಿ, ಕಂಪ್ಯೂಟರಿಗಿಳಿಸಿ, ಗರಗರ ಗುಂಯ್‌ಗಳನ್ನು ತೊಳೆದು ಹಾಡನ್ನು ಬದುಕಿಸುವುದು ಅವಳ ಕೆಲಸ. ಆಫೀಸಿನಲ್ಲೂ ಮನೆಯಲ್ಲೂ ಅವಳನ್ನು 'ಮೊಲ' ಎಂದೇ ಕರೆಯುತ್ತಿದ್ದರು. ಅಂಥ ಕಿವಿ. ಮೂರು ಬೀದಿಯಾಚೆ ಇರುವೆ ಸೀನಿದರೆ ಇವಳು ಇಲ್ಲಿಂದ 'ನೂರು ವರ್ಷ ಬಾಳು' ಎನ್ನುತ್ತಿದ್ದಳು.

ಕಂಪನಿ ಈಗ ತುಕ್ಕು ಬ್ಯಾಂಡಿನ ಐದು ಆಲ್ಬಮ್‌ಗಳಿಂದ ಹನ್ನೆರಡು ಹಾಡು ಆರಿಸಿ ಒಂದು ಡಿಸ್ಕ್ ತರಲು ಹೊರಟಿತ್ತು. ಗಾಯಕ ತೀರಿಕೊಂಡು ಹನ್ನೊಂದೂವರೆ ವರ್ಷ. ಬೇಸ್ ಗಿಟಾರಿನವನು ಹಡಗಿನ ಕೆಲಸಕ್ಕೆ ಸೇರಿ, 'ಡ್ರಮ್ಮರ್ ಏನಂದರೆ ಅದೇ' ಎಂದು ಬರೆದುಕೊಟ್ಟಿದ್ದ. ಪಟ್ಟಿಗೆ ಎರಡು ಸಹಿ ಬೇಕಿತ್ತು: ಒಂದು ಡ್ರಮ್ಮರನದು, ಇನ್ನೊಂದು ಗಾಯಕನ ತಾಯಿಯದು. ಶುಕ್ರವಾರ ಸಂಜೆ ಐದಕ್ಕೆ ಡಿಸ್ಕ್ ಕಾರ್ಖಾನೆಯ ವ್ಯಾನು ಬರುತ್ತದೆ. ಅದು ತಪ್ಪಿದರೆ ಮುಂದಿನ ಪಾಳಿ ಮುಂದಿನ ವರ್ಷ, ಅಂದರೆ ಯಾವತ್ತೂ ಇಲ್ಲ.

ಇವತ್ತು ಸೋಮವಾರ.

"ಹನ್ನೊಂದು ಹಾಡು ನೀವು ಯಾವುದು ಹೇಳಿದ್ರೂ ಸರಿ," ಎಂದ ಡ್ರಮ್ಮರ್. "ಕಣ್ಣು ಮುಚ್ಕೊಂಡು ಸಹಿ ಹಾಕ್ತೀನಿ. 'ಕಾಯಬೇಡ' ಮಾತ್ರ ಬೇಡ."

"'ಕಾಯಬೇಡ' ಇಲ್ದೆ ತುಕ್ಕು ಡಿಸ್ಕಾ? ಮದುಮಗಳನ್ನ ಮನೇಲೇ ಬಿಟ್ಟು ಮೆರವಣಿಗೆ ಹೊರಟ ಹಾಗೆ."

"ಹೊರಡ್ಲಿ."

"ಅಂಗಡಿಯವರೆಲ್ಲ ಆ ಒಂದು ಹಾಡು ನೋಡಿ ತಗೊಳ್ತೀವಿ ಅಂದಿದಾರೆ. ಅದಿಲ್ದಿದ್ರೆ ಡಿಸ್ಕೇ ಬರಲ್ಲ. ಯಾಕೆ ಬೇಡ, ಅದಾದ್ರೂ ಹೇಳಿ."

"ಬೇಡ ಅಂದ್ರೆ ಬೇಡ."

'ಇದೆಂಥ ಕಲ್ಲುಗುಂಡು...' ಅಂದುಕೊಂಡಳು ಅವಳು. ಆದರೆ ಆ 'ಬೇಡ' ಅವಳ ಕಿವಿಯೊಳಗೆ ಎಲ್ಲೋ ಹೋಗಿ ಕುಳಿತುಕೊಂಡಿತು. ಯಾಕೆಂದು ತಿಳಿಯಲಿಲ್ಲ.

*

ಅವಳಿಗೆ ಆ ಹಾಡು ಬರೀ ಹಾಡಲ್ಲ.

ಹದಿನೇಳನೇ ವಯಸ್ಸು. ಪರೀಕ್ಷೆಯಲ್ಲಿ ನಪಾಸಾಗಿ ಮಹಡಿ ಮೆಟ್ಟಿಲ ಮೇಲೆ ಮುದುರಿ ಕುಳಿತಿದ್ದಳು. ಪಕ್ಕದ ಮನೆಯ ರೇಡಿಯೋದಲ್ಲಿ ಯಾರೋ ಹಾಡಿದ. ಬರೀ ಒಂದು ಗಿಟಾರು, ಒಂದು ದನಿ.

ಕಾಯಬೇಡ, ಬಾಗಿಲಿಗೆ ಒರಗಬೇಡ,
ಬರುವವನು ಬಂದೇ ಬರುವ, ದೀಪ ಆರಿಸಿ ಮಲಗು...

ಅವತ್ತು ಅವಳು ಎದ್ದು ಮುಖ ತೊಳೆದುಕೊಂಡಳು. ಅದೇ ದಿನ ಆ ದನಿಗೆ ಮನಸ್ಸು ಕೊಟ್ಟಳು. ನಾಲ್ಕು ತಿಂಗಳಿಗೆ ಗಾಯಕ ಸತ್ತ ಸುದ್ದಿ ಬಂದಾಗ ಮೂರು ದಿನ ಅತ್ತಳು. ಅವಳ ಅಣ್ಣ ಹತ್ತಿರದ ನೆಂಟರು ಯಾರೋ ಹೋದರೆಂದು ಆಫೀಸಿಗೆ ರಜೆ ಹಾಕಿದ. ಆಮೇಲೆ ಬಂದ ಹತ್ತು ಸಂಬಂಧಗಳನ್ನು ಅವಳು 'ದನಿ ಸರಿಯಿಲ್ಲ' ಎಂದು ಬಿಟ್ಟಳು. ಅತ್ತಿಗೆ ಲೆಕ್ಕದ ಪ್ರಕಾರ ಹತ್ತು. ನನ್ನ ಲೆಕ್ಕದ ಪ್ರಕಾರ ನೂರಾ ಹತ್ತು.

ಅಂಥ ಹಾಡನ್ನು ಈ ಡ್ರೈವಿಂಗ್ ಮೇಷ್ಟ್ರು ಬೇಡ ಅನ್ನುವುದೇ?

*

ಮಂಗಳವಾರ, ಬುಧವಾರ ಇಬ್ಬರೂ ಎದುರುಬದುರು ಕೂತು ಐದೂ ಆಲ್ಬಮ್ ಕೇಳಿದರು. ನಡುವೆ ಒಂದು ಮೇಜು. ಮೇಜಿನ ಮೇಲೆ ಎರಡು ಲೋಟ ಚಹ, ಆರಿ ಕಲ್ಲಾಗಿದ್ದವು.

ಮೊದಲನೆಯದು 'ತುಕ್ಕು'. ಗ್ಯಾರೇಜೊಂದರಲ್ಲಿ ನುಡಿಸಿದ್ದು. "ಇದರಲ್ಲಿ 'ಇಟ್ಟಿಗೆ', 'ಗೇಟು ಹಾಕಬೇಡಿ'," ಎಂದಳು.

"'ಇಟ್ಟಿಗೆ'ಯಲ್ಲಿ ನಾನು ಬಾರಿಸ್ತಿರೋದು ಡ್ರಮ್ಮಲ್ಲ, ಪೇಂಟಿನ ಡಬ್ಬಿ."

"ಗೊತ್ತು. ಅರ್ಧ ಪೇಂಟು ಇನ್ನೂ ಒಳಗಿತ್ತು. ಎರಡನೇ ಚರಣದಲ್ಲಿ ಅದು ಕುಲುಕೋದು ಕೇಳುತ್ತೆ."

ಅವನು ಅವಳ ಕಿವಿಯನ್ನೇ ನೋಡಿದ. ತಪಾಸಣೆಗೆ ಬಂದ ಪೊಲೀಸನನ್ನು ನೋಡುವ ಹಾಗೆ. ಆ ನೋಟದಲ್ಲಿದ್ದದ್ದು ಮೆಚ್ಚುಗೆ ಅಲ್ಲ, ಭಯ. ಅದು ಅವಳಿಗೆ ಆಗ ತಿಳಿಯಲಿಲ್ಲ.

ಎರಡನೆಯದು 'ಬೀಗದ ಕೈ'. "ಇದರಲ್ಲಿ ಒಂದೂ ಬೇಡ," ಎಂದ. "'ಒಂಬತ್ತು ನಿಮಿಷ' ಹಾಡಲ್ಲಿ ನಾನು ಒಂದೇಟು ತಡವಾಗಿ ಬಂದಿದೀನಿ. ತಪ್ಪು."

"ತಪ್ಪಲ್ಲ. ಆ ಒಂದೇಟು ಖಾಲಿ ಬಿಟ್ರಲ್ಲ... ಬರ್ತಾರೋ ಇಲ್ವೋ ಅಂತ ಪ್ರತಿ ಸಲ ಜೀವ ಕೈಯಲ್ಲಿ ಹಿಡ್ಕೊಂಡು ಕೂತಿರ್ತೀನಿ. ಬರ್ತೀರ. ಆಗ ಉಸಿರು ಬಿಡ್ತೀನಿ."

ಅವಳ ಕೆನ್ನೆ ಕೆಂಪಾಯಿತು. ಎಷ್ಟು ಕೆಂಪೆಂದರೆ ಆ ಬೆಳಕಿನಲ್ಲಿ ಪುಸ್ತಕ ಓದಬಹುದಿತ್ತು.

'ಒಂಬತ್ತು ನಿಮಿಷ' ಪಟ್ಟಿಗೆ ಬಂತು. ಮೂರನೆಯದು 'ಹಸಿ ಸಿಮೆಂಟು', ಅದರಿಂದ ಒಟ್ಟಿಗೇ ನಾಲ್ಕು. ಈ ಭೂಮಿಯ ಮೇಲೆ ಅದಕ್ಕಿಂತ ಒಳ್ಳೆಯ ಆಲ್ಬಮ್ ಇದೆಯೆನ್ನುವವರು ನನ್ನೆದುರು ಬಂದು ಹೇಳಲಿ. ನಾಲ್ಕನೆಯದರಲ್ಲಿ ಕಂಪನಿಯವರು ಬಲವಂತವಾಗಿ ಕೀಬೋರ್ಡು ತುರುಕಿದ್ದರು.

"ಇದು ಯಾರು, ಬೆಕ್ಕಿನ ಬಾಲ ತುಳಿದಿದ್ದು?" ಎಂದಳು ಅವಳು.

"ಮ್ಯಾನೇಜರ ಭಾವಮೈದ."

ಇಬ್ಬರೂ ನಕ್ಕರು. ಅವನು ನಕ್ಕದ್ದು ಅದೇ ಮೊದಲು. ಸರಿ, ಅದರಿಂದ ಒಂದೇ ಹಾಡು. ಐದನೆಯದು 'ಬಿಸಿಲು ಬೀಳದ ಕಡೆ', 'ಕಾಯಬೇಡ' ಬಿಟ್ಟು ಅದರಿಂದ ಮೂರು.

ಹನ್ನೊಂದು ಹಾಡಾಯಿತು. ನಗು ನಿಂತಿತು.

"ಹನ್ನೆರಡನೇದು," ಎಂದಳು ಅವಳು.

"ಬೇಡ."

"ಮೂರು ದಿನದಿಂದ ಅದೊಂದೇ ಮಾತು. ಕಾರಣ ಹೇಳಿ, ಬಿಟ್ಟುಬಿಡ್ತೀನಿ."

ಅವನು ಆರಿದ ಚಹದ ಲೋಟವನ್ನು ಪಕ್ಕಕ್ಕೆ ಸರಿಸಿದ. ಅವಳಿಗೆ ರೇಗಿಹೋಯಿತು. ನಾಲಿಗೆಗೆ ಮೂಳೆಯಿಲ್ಲ ನೋಡಿ.

"ನಾನೇ ಹೇಳ್ತೀನಿ. ನಲವತ್ತೆಂಟು ಹಾಡಲ್ಲಿ ನಿಮ್ಮ ಡ್ರಮ್ಮು ಇಲ್ದಿರೋದು ಅದೊಂದರಲ್ಲೇ. ಜನ ಎದೆಗೊತ್ತಿಕೊಂಡಿದ್ದು ನೀವಿಲ್ಲದ ಹಾಡನ್ನ. ಸತ್ತವನ ಮೇಲೂ ಹೊಟ್ಟೆಕಿಚ್ಚಾ ನಿಮಗೆ?"

ಅವನ ಮುಖದ ರಕ್ತವೆಲ್ಲ ಇಳಿದುಹೋಯಿತು.

ಅವನು ಜಗಳವಾಡಲಿಲ್ಲ. ಕುರ್ಚಿಯನ್ನು ಸದ್ದಿಲ್ಲದೆ ಹಿಂದಕ್ಕೆ ಸರಿಸಿ, ಮೆಟ್ಟಿಲು ಹತ್ತಿ ಹೋದ. ಅವಳು ಒಂದೊಂದು ಹೆಜ್ಜೆಯನ್ನೂ ಕೇಳಿಸಿಕೊಂಡಳು. ಇಪ್ಪತ್ತೆರಡು.

ಸಂಜೆ ಮನೆಯಲ್ಲಿ ಅತ್ತಿಗೆ ಬಟ್ಟೆ ಮಡಚುತ್ತ ಕೇಳಿದಳು, "ಏನೇ ಮೊಲ, ಕಿವಿ ಜೋತುಬಿದ್ದಿದೆ?"

"ಒಬ್ಬರಿಗೆ ಆಡಬಾರದ್ದು ಆಡಿಬಿಟ್ಟೆ ಅತ್ತಿಗೆ."

"ದನಿ ಸರಿಯಿತ್ತಾ?"

"ಯಾರದು?"

"ನಿನ್ನ ಕೈಲಿ ಅನ್ನಿಸಿಕೊಂಡವನದು."

ಅವಳು ಎದ್ದು ಒಳಗೆ ಹೋದಳು. ಅತ್ತಿಗೆ ಮಡಚಿದ ಟವೆಲನ್ನೇ ಮೂರು ಸಲ ಮಡಚಿ ಮುಗುಳ್ನಕ್ಕಳು.

*

ಗುರುವಾರ ಬೆಳಗ್ಗೆ ಅವಳು 'ಕಾಯಬೇಡ' ಟೇಪನ್ನು ಕಂಪ್ಯೂಟರಿಗೆ ಇಳಿಸಿದಳು.

ಇಲ್ಲಿ ಅವಳ ಕಸುಬಿನ ಒಂದು ಗುಟ್ಟು ಕೇಳಿ. ಗೋಡೆಯ ಕರೆಂಟು ಸದಾ ಒಂದೇ ಶ್ರುತಿಯಲ್ಲಿ ಗುಂಯ್ ಎನ್ನುತ್ತಿರುತ್ತದೆ, ಸೆಕೆಂಡಿಗೆ ಐವತ್ತು ಸಲ. ಹಳೆಯ ಟೇಪುಗಳಲ್ಲಿ ಆ ಗುಂಯ್ ಸಣ್ಣಗೆ ಸೇರಿಕೊಂಡಿರುತ್ತದೆ. ಅದನ್ನು ಅಳೆದರೆ ಟೇಪು ಸರಿಯಾದ ವೇಗದಲ್ಲಿದೆಯೋ ಇಲ್ಲವೋ ತಿಳಿಯುತ್ತದೆ. ನಲವತ್ತೇಳು ಹಾಡಿನಲ್ಲಿ ಐವತ್ತೇ ಇತ್ತು.

'ಕಾಯಬೇಡ'ದಲ್ಲಿ ಐವತ್ತಮೂರು.

ಮತ್ತೆ ಅಳೆದಳು. ಐವತ್ತಮೂರು.

ಅಂದರೆ ಯಾರೋ ಬೇಕೆಂದೇ ಟೇಪನ್ನು ನಿಧಾನವಾಗಿ ಓಡಿಸಿ ಹಾಡು ಹಿಡಿದಿದ್ದಾರೆ. ಆಮೇಲೆ ಮಾಮೂಲಿ ವೇಗದಲ್ಲಿ ಬಿಟ್ಟಿದ್ದಾರೆ. ಆಗ ಕರೆಂಟಿನ ಗುಂಯ್ ಕೂಡ ಏರುತ್ತದೆ, ಹಾಡುವವನ ದನಿಯೂ ತೆಳ್ಳಗಾಗುತ್ತದೆ. ಹನ್ನೆರಡು ವರ್ಷದಿಂದ ಜನ ಕೇಳುತ್ತಿದ್ದದ್ದು ಅಸಲಿ ದನಿಯನ್ನಲ್ಲ.

ಅವಳು ವೇಗವನ್ನು ಐವತ್ತಕ್ಕೆ ಇಳಿಸಿದಳು. ಕಿವಿಗೆ ಹೆಡ್‌ಫೋನ್ ಹಾಕಿಕೊಂಡಳು.

ದನಿ ಒಂದು ಮೆಟ್ಟಿಲು ಕೆಳಗಿಳಿದು ಬಂತು.

'ಕಾಯಬೇಡ... ಒರಗಬೇಡ...'

ಆ ಬೇಡ. ನಾಲ್ಕು ದಿನದಲ್ಲಿ ನಾನೂರು ಸಲ ಕೇಳಿದ್ದ ಬೇಡ. ಅದೇ ಬಾಯಿ, ಅದೇ ಕಡೆ ಸಣ್ಣಗೆ ಒಡೆಯುವ ಅದೇ ದನಿ.

ಅವಳು ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು.

'ಹದಿನೇಳನೇ ವರ್ಷದಿಂದ... ನಾನು ಅತ್ತಿದ್ದು ಯಾರಿಗೆ?'

ಒಮ್ಮೆಯಾದರೂ ಆ ದನಿಯನ್ನು ಕನ್ನಡಿಯ ಹಾಗೆ ಸ್ವಚ್ಛವಾಗಿ ಕೇಳಬೇಕೆನಿಸಿತು ಅವಳಿಗೆ. ಊಟದ ಹೊತ್ತಿನ ತನಕ ಕೂತು ತೊಳೆದಳು. ಗುಂಯ್ ತೆಗೆದಳು, ಸುಯ್ ತೆಗೆದಳು, ಕಿರಿಕ್ ಎಂದದ್ದನ್ನೆಲ್ಲ ಹೆಕ್ಕಿ ಹೆಕ್ಕಿ ತೆಗೆದಳು. ಉಳಿದದ್ದು ಎಷ್ಟು ಶುಭ್ರವಾಗಿತ್ತೆಂದರೆ ಹಾಲು ನೋಡಿದರೆ ನಾಚಿಕೊಳ್ಳಬೇಕು. ಡಿಸ್ಕಿಗೆ ಹಾಕಿ, ಮೇಲೆ 'ಕಾಯಬೇಡ' ಎಂದು ಬರೆದು ಮೇಜಿನ ಮೇಲಿಟ್ಟು, ಚಪ್ಪಲಿ ಮೆಟ್ಟಿ ಓಡಿದಳು.

*

ಡ್ರೈವಿಂಗ್ ಸ್ಕೂಲಿನ ಕೆಂಪು ಕಾರು ಮೈದಾನದ ಅಂಚಿನಲ್ಲಿ ನಿಂತಿತ್ತು. ಅವನು ಪಕ್ಕದ ಸೀಟಿನಲ್ಲಿ ಕೂತು ರಿಜಿಸ್ಟರಿನಲ್ಲಿ ಏನೋ ಗೀಚುತ್ತಿದ್ದ. ಅವಳು ಸೀದಾ ಹೋಗಿ ಸ್ಟೇರಿಂಗಿನ ಹಿಂದೆ ಕುಳಿತಳು.

"ನೀವಾ?"

"ಕಲಿಯೋಕೆ ಬಂದೆ."

"ಹೊಟ್ಟೆಕಿಚ್ಚಿನವನ ಹತ್ರನಾ?" ಮುಖ ತಿರುಗಿಸಿಯೇ ಹೇಳಿದ. "ಸರಿ. ಕ್ಲಚ್ ಒತ್ತಿ. ನಿಧಾನಕ್ಕೆ ಬಿಡಿ."

ಕಾರು ಮೂರು ಸಲ ಕುಪ್ಪಳಿಸಿ ಹೊರಟಿತು. ಎದುರಿಗೆ ಬರುತ್ತಿದ್ದ ಸೈಕಲ್ಲೊಂದು ಜೀವ ಉಳಿಸಿಕೊಂಡು ಗೋಡೆ ಹತ್ತಿತು.

"ನಿಮಗೆ ಹಾಡೋಕೆ ಬರುತ್ತಾ?" ಎಂದಳು.

"ಇಲ್ಲ. ಎಡಕ್ಕೆ."

"ಗಾಯಕರಿಗೆ ಐದನೇ ಆಲ್ಬಮ್ ಹೊತ್ತಿಗೆ ಗಂಟಲು ಹೋಗಿತ್ತಾ?"

"ರಸ್ತೆ ನೋಡಿ."

"ಕರೆಂಟಿನ ಗುಂಯ್ ಐವತ್ತಮೂರು ಇದೆ. ನಾನು ಐವತ್ತಕ್ಕೆ ಇಳಿಸಿ ಕೇಳಿದೆ."

ಅವನ ಕಾಲಿನ ಕೆಳಗೂ ಒಂದು ಬ್ರೇಕ್ ಇತ್ತು. ಕಾರು ನಡುರಸ್ತೆಯಲ್ಲಿ ಗಕ್ಕನೆ ನಿಂತಿತು. ಹಿಂದೆ ಹಾರನ್ನುಗಳು ಬೊಬ್ಬೆ ಹಾಕಿದವು. ಇಬ್ಬರಿಗೂ ಕೇಳಿಸಲಿಲ್ಲ, ಆ ಕಿವಿಯವಳಿಗೂ.

"ಯಾರಿಗೆ ಹೇಳಿದೀರಿ?" ಅವನ ದನಿ ಕೆಳಗಿಳಿದಿತ್ತು.

"ಯಾರಿಗೂ ಇಲ್ಲ. ನಿಮಗೇ ಮೊದಲು."

ಅವನು ರಿಜಿಸ್ಟರು ಮುಚ್ಚಿ ಮಡಿಲಲ್ಲಿಟ್ಟುಕೊಂಡ.

"ಅವನಿಗೆ ಗಂಟಲಲ್ಲಿ ಗಡ್ಡೆ. ಪಿಸುಮಾತೂ ಬರ್ತಿರಲಿಲ್ಲ. ಕೊನೇ ಹಾಡು, ಅಮ್ಮನಿಗೋಸ್ಕರ ಬರೆದಿದ್ದು. ನಾವು ರಾತ್ರಿ ನುಡಿಸಿ ಬರೋತನಕ ಅವರು ಬಾಗಿಲಲ್ಲೇ ಒರಗಿಕೊಂಡು ನಿಂತಿರ್ತಿದ್ರು. 'ನೀನು ಹಾಡು, ನಾನು ಗಿಟಾರು ಹಿಡೀತೀನಿ' ಅಂತ ಕಾಗದದ ಮೇಲೆ ಬರೆದು ತೋರಿಸಿದ. ಹಾಡು ಹಿಡಿಯೋವಾಗ ಟೇಪು ನಿಧಾನ ಮಾಡಿದ್ರೆ ದನಿ ಅವನದೇ ಥರ ಕೇಳುತ್ತೆ ಅಂತ ಉಪಾಯ ಹೇಳಿದ್ದೂ ಅವನೇ."

"ಅವರ ತಾಯಿಗೆ ಗೊತ್ತಿಲ್ವಾ?"

"ಹನ್ನೆರಡು ವರ್ಷದಿಂದ ದಿನಾ ಬೆಳಗ್ಗೆ ಅದನ್ನ ಹಾಕ್ಕೊಂಡು ಹೊಲಿಗೆಗೆ ಕೂರ್ತಾರೆ. ಮಗನ ಕೊನೇ ದನಿ ಅಂತ. ನಾನು ವಾರಕ್ಕೊಂದು ಸಲ ಹೋಗ್ತೀನಿ. ಅವರು ಹಾಕ್ತಾರೆ. ನಾನು ನೆಲ ನೋಡ್ತಾ ಕೂತಿರ್ತೀನಿ." ಅವನು ಹಣೆ ಒತ್ತಿಕೊಂಡ. "ಈಗ ನೀವು ಅದನ್ನ ತೊಳೆದು ಹೊಳೆಯೋ ಹಾಗೆ ಮಾಡ್ತೀರಿ. ಯಾರಾದ್ರೂ ಕಂಡುಹಿಡೀತಾರೆ. ನೀವು ನಾಲ್ಕೇ ದಿನದಲ್ಲಿ ಹಿಡಿದ್ರಿ. ಆ ತಾಯಿ ಒಬ್ಬನೇ ಮಗನನ್ನ ಎರಡು ಸಲ ಕಳ್ಕೊಬೇಕಾ?"

ಅವಳ ಕಣ್ಣಿಂದ ನೀರಿಳಿಯಿತು. 'ಹೊಟ್ಟೆಕಿಚ್ಚಾ' ಎಂದು ಕೇಳಿದ ನಾಲಿಗೆಯನ್ನು ಕತ್ತರಿಸಿ ಎಸೆಯಬೇಕೆನಿಸಿತು.

"ಹನ್ನೊಂದೇ ಹಾಡು," ಎಂದಳು. "ಡಿಸ್ಕು ಬರದೇ ಇದ್ರೆ ಬರದೇ ಇರ್ಲಿ. ಮ್ಯಾನೇಜರಿಗೆ ನಾನು ಹೇಳ್ಕೋತೀನಿ."

ಅವನು ಮೊದಲ ಸಲ ಅವಳನ್ನು ನೇರವಾಗಿ ನೋಡಿದ.

ಕಥೆ ಇಲ್ಲಿಗೇ ಮುಗಿಯಬಹುದಿತ್ತು. ಆದರೆ ಜಗತ್ತಿನಲ್ಲಿ ಮ್ಯಾನೇಜರುಗಳಿದ್ದಾರಲ್ಲ.

*

ಶುಕ್ರವಾರ ಹನ್ನೊಂದು ಗಂಟೆಗೆ ನೆಲಮಾಳಿಗೆಯ ಬಾಗಿಲು ಧಡಾರನೆ ತೆರೆಯಿತು.

ಡ್ರಮ್ಮರ್. ಮುಖ ಸುಣ್ಣ.

"ಅಮ್ಮ ಫೋನ್ ಮಾಡಿದ್ರು. 'ಕಂಪನಿಯಿಂದ ಹಾಡು ಬಂತು. ಇದರಲ್ಲಿ ನನ್ನ ಮಗ ಇಲ್ಲ. ಈಗಲೇ ಬಾ' ಅಂದ್ರು." ಒಂದು ಹೆಜ್ಜೆ ಮುಂದೆ ಬಂದ. "ನಿನ್ನೆ ಕಾರಲ್ಲಿ ಅತ್ತಿದ್ದು ನಾಟಕನಾ?"

ಅವಳು ಮೇಜಿನ ಕಡೆ ತಿರುಗಿದಳು.

ಡಿಸ್ಕ್ ಇರಲಿಲ್ಲ.

ಬಾಗಿಲಲ್ಲಿ ಮ್ಯಾನೇಜರು ಹಲ್ಲುಕಿರಿಯುತ್ತ ನಿಂತಿದ್ದರು. "ನೀನು ಮರೆತು ಹೋಗಿದ್ದೆ ಅಂತ ನಿನ್ನೆ ನಾನೇ ಕಳಿಸಿದೆ ಕಣಮ್ಮ. ತಾಯಿ ಕೇಳದೆ ಸಹಿ ಹಾಕಲ್ಲವಲ್ಲ. ಎಂಥಾ ಕ್ಲೀನಾಗಿದೆ ಅಂತೀಯ..."

ಅವಳು ಡ್ರಮ್ಮರನತ್ತ ನೋಡಿದಳು. ಅವನಾಗಲೇ ಮೆಟ್ಟಿಲು ಹತ್ತುತ್ತಿದ್ದ. ಹಿಂದೆಯೇ ಓಡಿದಳು.

"ನೀವು ಬರೋದು ಬೇಡ."

"ತೊಳೆದದ್ದು ನಾನು. ಬೈಸಿಕೊಳ್ಳೋದೂ ನಾನೇ."

ಕೆಂಪು ಕಾರಿನಲ್ಲಿ ಇಪ್ಪತ್ತು ನಿಮಿಷ ಯಾರೂ ಮಾತಾಡಲಿಲ್ಲ. ಆ ಮೌನವನ್ನು ತೂಗಿದ್ದರೆ ಮೂರು ಲಾರಿ ಬೇಕಾಗುತ್ತಿತ್ತು.

ಗಾಯಕನ ತಾಯಿಯ ಮನೆ ಮೊದಲ ಮಹಡಿಯಲ್ಲಿತ್ತು. ಮುಂದಿನ ಕೋಣೆಯೆಲ್ಲ ಬಟ್ಟೆ, ದಾರದ ಉಂಡೆ, ಒಂದು ಹೊಲಿಗೆ ಮೆಷಿನ್ನು. ಆಕೆ ತುಟಿಗಳ ನಡುವೆ ಎರಡು ಗುಂಡುಸೂಜಿ ಕಚ್ಚಿಕೊಂಡು, ಕೋಟೊಂದರ ತೋಳು ಬಿಚ್ಚುತ್ತ ಕೂತಿದ್ದರು. ಪಕ್ಕದಲ್ಲಿ ಪ್ಲೇಯರು, ಅದರ ಮೇಲೆ ಆ ಡಿಸ್ಕು.

ಸೂಜಿ ತೆಗೆದು ದಿಂಬಿಗೆ ಚುಚ್ಚಿದರು.

"ಇದರಿಂದ ನನ್ನ ಮಗನನ್ನ ತೆಗೆದವರು ಯಾರು?"

ಡ್ರಮ್ಮರ್ ಆಕೆಯ ಕಾಲ ಬಳಿ ನೆಲದ ಮೇಲೆ ಕುಸಿದು ಕೂತ. ಹನ್ನೆರಡು ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದು ಒಂದೇ ಉಸಿರಿಗೆ ಹೊರಬಂತು.

"ಅಮ್ಮ... ಅವನು ಅದರಲ್ಲಿ ಹಾಡೇ ಇಲ್ಲ. ಹಾಡಿದ್ದು ನಾನು. ಅವನಿಗೆ ದನಿ ಹೋಗಿತ್ತು. ನಾನು ನಿಮಗೆ ಮೋಸ ಮಾಡಿದೆ."

ಹೊಲಿಗೆ ಮೆಷಿನ್ನಿನ ಚಕ್ರ ಸುಮ್ಮನೆ ಅರ್ಧ ಸುತ್ತು ತಿರುಗಿ ನಿಂತಿತು.

"ಅದು ನನಗೆ ಒಂಬತ್ತು ವರ್ಷದಿಂದ ಗೊತ್ತು," ಎಂದರು ತಾಯಿ.

ಅವನು ತಲೆಯೆತ್ತಿದ.

"ನಮ್ಮನೆ ನಲ್ಲಿ ಕೆಟ್ಟಿತ್ತಲ್ಲ ಒಂದು ಸಲ, ನೆನಪಿದೆಯಾ? ಸಿಂಕಿನ ಕೆಳಗೆ ತಲೆ ತೂರಿಸಿಕೊಂಡು ಗುನುಗ್ತಿದ್ದೆ. ನಾನು ಹಿಂದೆ ಸ್ಪಾನರ್ ಹಿಡ್ಕೊಂಡು ನಿಂತಿದ್ದೆ. ಅವತ್ತೇ ತಿಳೀತು. ಎರಡು ದಿನ ಅನ್ನ ಸೇರಲಿಲ್ಲ ಕಣೋ. ನಿನ್ನ ಮೇಲೆ ಸಿಟ್ಟು, ಅವನ ಮೇಲೆ ಸಿಟ್ಟು. ಇನ್ನು ಆ ಹಾಡು ಮುಟ್ಟಬಾರದು ಅಂದ್ಕೊಂಡೆ."

"ಮತ್ತೆ... ದಿನಾ..."

"ಮೂರನೇ ದಿನ ಕೈ ತಡೀಲಿಲ್ಲ, ಹಾಕಿದೆ. ದನಿ ನಿನ್ನದು ಅಂತ ಗೊತ್ತಾದ್ಮೇಲೆ ದನಿ ಬಿಟ್ಟು ಮಿಕ್ಕಿದ್ದು ಕೇಳಿಸಿತು. ಗಿಟಾರಿನ ತಂತಿ ಮೇಲೆ ಅವನ ಬೆರಳು ಸರೀತಿತ್ತಲ್ಲ... ಕಿರ್ರ್ ಅಂತ. ಅವನ ಬೆರಳ ತುದಿ ಒಣಗಿ ಬಿರುಕು ಬಿಟ್ಟಿರ್ತಿತ್ತು. ನಾನೇ ಎಣ್ಣೆ ಹಚ್ತಿದ್ದೆ. ಆ ಕಿರ್ರ್ ಕೇಳಿದ್ರೆ ಅವನು ಇಲ್ಲೇ ಕೂತು ಕೈ ಆಡಿಸ್ತಿದಾನೆ ಅನ್ನಿಸೋದು." ಅವರು ಡಿಸ್ಕನ್ನು ಬೆರಳಿಂದ ತಟ್ಟಿದರು. "ಇದರಲ್ಲಿ ನೀನಿದೀಯ. ಚೆನ್ನಾಗಿದೀಯ. ಅವನೆಲ್ಲಿ?"

ಅವಳಿಗೆ ನಿಂತ ನೆಲವೇ ಸರಿದಂತಾಯಿತು.

ಇರುವೆಯ ಸೀನು ಕೇಳುವ ಕಿವಿ. ಕಿರಿಕ್ ಎಂದದ್ದನ್ನೆಲ್ಲ ಕಸವೆಂದು ಹೆಕ್ಕಿ ಎಸೆದಿತ್ತು. ನಿನ್ನೆ ಅವಳು ತೊಳೆದದ್ದು ಕೊಳೆಯನ್ನಲ್ಲ, ಒಬ್ಬ ಮಗನನ್ನು.

"ನಾನು ತೆಗೆದಿದ್ದಮ್ಮ," ಎಂದಳು. "ಗಲಾಟೆ ಅಂದ್ಕೊಂಡೆ. ಅಸಲು ಹಾಗೇ ಇದೆ. ಮತ್ತೆ ತರ್ತೀನಿ."

ತಾಯಿ ಅವಳನ್ನು ಅಡಿಯಿಂದ ಮುಡಿಯ ತನಕ ಅಳತೆ ತೆಗೆದರು. ದರ್ಜಿಯ ಕಣ್ಣಲ್ಲವೇ.

"ಇವಳು ಯಾರೋ?"

"ಟೇಪು ನೋಡ್ಕೊಳ್ಳೋರು," ಎಂದ ಡ್ರಮ್ಮರ್.

"ತಪ್ಪು ಒಪ್ಪಿಕೊಳ್ಳೋಕೆ ಬರುತ್ತೆ ಇವಳಿಗೆ. ನಿನ್ನ ಹಾಗೆ ಹನ್ನೆರಡು ವರ್ಷ ತಗೊಳ್ಳಲ್ಲ." ಡಿಸ್ಕಿನ ಜೊತೆ ಬಂದಿದ್ದ ಪಟ್ಟಿ ತೆಗೆದುಕೊಂಡು ಸಹಿ ಹಾಕಿದರು. "ಎರಡು ಮಾತು. ಬೆರಳು ವಾಪಸ್ ಬರಬೇಕು. ಹಾಡಿದ್ದು ಯಾರು, ಗಿಟಾರು ಯಾರದು, ಎರಡೂ ಸರಿಯಾಗಿ ಬರೀಬೇಕು."

"ಜನ ಏನಂತಾರೆ ಅಮ್ಮ? ಸತ್ತವನ ಹಾಡು ಕದ್ದ ಅಂತಾರೆ."

"ಅನ್ನೋರನ್ನ ನನ್ನ ಹತ್ರ ಕಳಿಸು. ಬಾಯಿ ಹೊಲಿದು ಕಳಿಸ್ತೀನಿ."

*

ಒಂದೂವರೆ ಗಂಟೆ. ವ್ಯಾನಿಗೆ ಮೂರೂವರೆ ಗಂಟೆ ಬಾಕಿ.

ಅವಳು ತೊಳೆಯದ ಅಸಲಿ ಪ್ರತಿಯನ್ನು ತೆರೆದಳು. ಅದರಲ್ಲಿ ನೂರಾರು ಸದ್ದು. ಯಾವುದು ಕಸ, ಯಾವುದು ಜೀವ, ಅವಳ ಕಿವಿಗೆ ಗೊತ್ತಾಗುವಂತಿರಲಿಲ್ಲ. ಗೊತ್ತಿದ್ದವನು ಒಬ್ಬನೇ, ಅವತ್ತು ಆ ಕೋಣೆಯಲ್ಲಿ ಇದ್ದವನು.

ಒಂದೇ ಹೆಡ್‌ಫೋನ್. ಒಂದು ಕಿವಿ ಅವಳದು, ಒಂದು ಅವನದು.

"ಇದು?"

"ಕುರ್ಚಿ. ತೆಗೀರಿ."

"ಇದು?"

"ಅವನು. ಬಿಡಿ."

"ಇದು?"

"ಹೊರಗೆ ಯಾರೋ ಬಾಗಿಲು ಹಾಕಿದ್ದು."

"ಇದು?"

"ಅವನು..." ಅವನು ಕಣ್ಣು ಮುಚ್ಚಿಕೊಂಡ. "ಕೈ ನಡುಗ್ತಿತ್ತು ಅವನದು. ಆದ್ರೂ ತಪ್ಪಲಿಲ್ಲ ನೋಡಿ."

ಮೂರು ಹೊಡೆಯಿತು. ನಾಲ್ಕು ಹೊಡೆಯಿತು. ಮೇಲಿನಿಂದ ಮ್ಯಾನೇಜರು ಐದು ಸಲ ಇಣುಕಿದರು, ಆರನೇ ಸಲ ಅವಳು ನೋಡಿದ ನೋಟಕ್ಕೆ ಬೂದಿಯಾಗಿ ಹೋದರು.

ನಲವತ್ತೊಂದು ಕಿರ್ರ್‌ಗಳು ಒಂದೊಂದಾಗಿ ತಮ್ಮ ಜಾಗಕ್ಕೆ ಮರಳಿದವು. ಕೊನೆಯ ಚರಣಕ್ಕೆ ಮುಂಚೆ ಒಂದು ಸಣ್ಣ ಸದ್ದು ಉಳಿದಿತ್ತು. ಉಸಿರಿನ ಹಾಗೆ.

"ಇದು?"

ಅವನು ತಡೆದ. "ಅದು... ನಾನು. ಅಳು ಬಂದಿತ್ತು. ಬೇಡವಾದ್ರೆ ತೆಗೀರಿ."

"ಇದನ್ನ ನಾನು ಹದಿನೇಳನೇ ವರ್ಷದಿಂದ ಕೇಳ್ತಿದೀನಿ," ಎಂದಳು ಅವಳು. "ನಿನ್ನೆ ತೆಗೆದಾಗಲೇ ಏನೋ ಖಾಲಿ ಅನ್ನಿಸ್ತು."

ಹಾಗೇ ಬಿಟ್ಟಳು.

ನಾಲ್ಕು ಐವತ್ತಕ್ಕೆ ಅವನು ಪಟ್ಟಿಯ ಹನ್ನೆರಡನೇ ಸಾಲಿನ ಮುಂದೆ ತನ್ನ ಹೆಸರು ಬರೆದ, ಅದರ ಪಕ್ಕದಲ್ಲಿ ಗೆಳೆಯನದು. ಕೆಳಗೆ ಸಹಿ. ಐದಕ್ಕೆ ವ್ಯಾನು ಹೊರಟಿತು. ಅದರ ಸದ್ದು ಬೀದಿಯ ತಿರುವಿನಲ್ಲಿ ಕರಗುವ ತನಕ ಅವಳು ಕೇಳುತ್ತ ನಿಂತಳು.

ಕೋಣೆಯಲ್ಲಿ ಈಗ ಇಬ್ಬರೇ. ಆರಿಸಲು ಹಾಡು ಉಳಿದಿರಲಿಲ್ಲ, ಜಗಳಕ್ಕೆ ನೆಪವೂ ಇರಲಿಲ್ಲ. ಅದೇ ಕಷ್ಟವಾಯಿತು.

"ಬೆಳಗ್ಗೆ ನಾಟಕ ಅಂದೆ," ಎಂದ ಅವನು. "ತಪ್ಪಾಯ್ತು."

"ನಾನು ಹೊಟ್ಟೆಕಿಚ್ಚು ಅಂದಿದ್ದೆ. ಸಾಟಿ ಆಯ್ತು." ಅವಳು ಖಾಲಿ ರೀಲನ್ನು ಬೆರಳಿಂದ ತಿರುಗಿಸಿದಳು. ಹೇಳಬೇಕು, ಈಗಲ್ಲದಿದ್ದರೆ ಯಾವತ್ತೂ ಇಲ್ಲ. "ನಾನು ಒಬ್ಬರನ್ನ ಇಷ್ಟಪಟ್ಟಿದ್ದೆ. ಹನ್ನೆರಡು ವರ್ಷದಿಂದ. ಅವರು ಸತ್ತುಹೋದ್ರು ಅಂತ ಅತ್ತೂ ಇದ್ದೆ. ಸೋಮವಾರ ಅವರು ಬಂದು ನನ್ನ ಟೇಪಿನ ಮೇಲೆ ಕೈಯಿಟ್ರು. ನಾನು ಹೊಡೆದೆ."

ಅವನು ತಿರುಗುತ್ತಿದ್ದ ಆ ಖಾಲಿ ರೀಲನ್ನೇ ನೋಡಿದ. ಅವಳ ಎದೆ ಅವನ ಡ್ರಮ್ಮಿಗಿಂತ ಜೋರಾಗಿ ಹೊಡೆದುಕೊಳ್ಳುತ್ತಿತ್ತು.

"ನೀವು ಇಷ್ಟಪಟ್ಟಿದ್ದು ಇಪ್ಪತ್ತೆರಡು ವರ್ಷದ ಹುಡುಗನ ದನಿನ," ಎಂದ ಕೊನೆಗೆ. "ಆಮೇಲೆ ನಾನು ಹಾಡೇ ಇಲ್ಲ. ಈಗ ಇದು 'ಗೇರ್ ಬದಲಿಸಿ', 'ಕನ್ನಡಿ ನೋಡಿ' ಅನ್ನೋ ದನಿ. ನಿಮಗೆ ಬೇಜಾರಾಗುತ್ತೆ."

"ಐದು ದಿನದಿಂದ ಆ ದನಿ ನನಗೆ ಬೇಡ ಬೇಡ ಅಂತಲೇ ಹೇಳಿದೆ. ಒಂದು ಸಲಾನೂ ಬೇಜಾರಾಗಲಿಲ್ಲ."

"ಹಾಡು ಅಂದ್ರೆ ಹಾಡಲ್ಲ ನಾನು."

"ಹಾಡೋದು ಬೇಡ. ಸುಮ್ಮನೆ ಮಾತಾಡಿ ಸಾಕು."

"ಏನು ಮಾತಾಡ್ಲಿ?"

"ಏನಾದ್ರೂ. ಮನೆಗೆ ಹೋಗ್ತಾ ಅಂಗಡಿಯಿಂದ ಏನೇನು ತರಬೇಕೋ ಅದನ್ನೇ ಹೇಳಿ."

ಅವನು ಗೋಡೆಯ ಕಡೆ ನೋಡಿ ನೆನಪಿಸಿಕೊಂಡ.

"ಸೋಪು. ಈರುಳ್ಳಿ ಅರ್ಧ ಕೆಜಿ. ಬಚ್ಚಲಿಗೆ ಒಂದು ಬಲ್ಬು..."

"ಆಮೇಲೆ?"

"ಬೆಂಕಿಪೊಟ್ಟಣ. ಚಹದ ಪುಡಿ."

"ಎಷ್ಟು?"

ಅವನ ಕಣ್ಣು ಗೋಡೆಯಿಂದ ಅವಳ ಮುಖಕ್ಕೆ ಬಂದು ನಿಂತಿತು.

"ನೀನು ಬರೋದಾದ್ರೆ, ಇಬ್ಬರಿಗಾಗೋಷ್ಟು."